ಬಾಡಿಗೆ ಮನೆಗೆ ಕಪಾಟು, ಮಂಚ, ಮೇಜು: ಡಬ್ಬದಲ್ಲಿ ಬರುವುದೋ, ಕಬ್ಬಿಣದ್ದೋ, ಬಡಗಿ ಕೈಯಲ್ಲಿ ಮಾಡಿಸುವುದೋ?

ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂದು ಮನೆಯಲ್ಲಿ ಜೋಡಿಸಿಕೊಳ್ಳುವ ಕಡಿಮೆ ಬೆಲೆಯ ಪೀಠೋಪಕರಣಗಳ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚಾಗಿ ಒಂದೇ ಬಗೆಯವು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕಪಾಟಿನ ಬುಡ ಉಬ್ಬಿತು. ಪುಸ್ತಕದ ಹಲಗೆ ನಡುವೆ ಬಾಗಿತು. ಮನೆ ಬದಲಿಸುವಾಗ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಬಾಗಿಲು ಕೂರಲೇ ಇಲ್ಲ, ಮಂಚ ಕಿರಗುಟ್ಟತೊಡಗಿತು. ಡ್ರಾಯರಿನ ಹಲಗೆ ಮೂಲೆ ಒಡೆದೇ ಬಂದಿತ್ತು, ಕೇಳಿದರೆ ವಾಪಸಿನ ಅವಧಿ ಮುಗಿದಿದೆ ಅಂದರು.

ಕೊನೆಯದೊಂದನ್ನು ಬಿಟ್ಟರೆ ಇವೆಲ್ಲವನ್ನೂ ಕೊಳ್ಳುವ ಮುನ್ನವೇ ಊಹಿಸಬಹುದು. ಚಿತ್ರ, ಬಣ್ಣ, ರಿಯಾಯಿತಿ ಬದಿಗಿಟ್ಟು ಎರಡೇ ಸಂಗತಿ ನೋಡಬೇಕು: ಹಲಗೆ ಯಾವುದರದ್ದು, ಹಲಗೆಗೆ ಹಲಗೆಯನ್ನು ಹಿಡಿದಿಟ್ಟಿರುವುದು ಯಾವುದು. ಡಬ್ಬದ ಪೀಠೋಪಕರಣವೆಲ್ಲ ಕೆಟ್ಟದ್ದಲ್ಲ, ಬಡಗಿ ಮಾಡಿದ್ದೆಲ್ಲ ಒಳ್ಳೆಯದೂ ಅಲ್ಲ. ತಪ್ಪು ಜಾಗಕ್ಕೆ ತಪ್ಪು ಹಲಗೆ ತಂದಾಗಲೇ ದುಡ್ಡು ಹಾಳಾಗುವುದು.

ಬೆಲೆಗಿಂತ ಮೊದಲು ಕೇಳಿಕೊಳ್ಳಬೇಕಾದ್ದು

ನೀರು. ನಮ್ಮ ಮನೆಗಳಲ್ಲಿ ನೆಲವನ್ನು ಒದ್ದೆ ಬಟ್ಟೆಯಲ್ಲಿ ದಿನಾ ಒರೆಸುತ್ತೇವೆ, ಹಬ್ಬಕ್ಕೆ ನೀರು ಹಾಕಿ ತೊಳೆಯುತ್ತೇವೆ. ಕಪಾಟು ಬಚ್ಚಲ ಗೋಡೆಗೆ ತಾಗಿ ನಿಲ್ಲುತ್ತದೆಯೇ? ಮನೆ ಮಂಗಳೂರು, ಉಡುಪಿ, ಕಾರವಾರದ ಕಡೆಯೇ, ಸಾಗರ, ತೀರ್ಥಹಳ್ಳಿಯ ಮಳೆಯ ನಾಡೇ, ಇಲ್ಲಾ ಬೆಂಗಳೂರು, ಕಲಬುರಗಿಯ ಒಣ ಹವೆಯೇ? ಉಳಿದೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು.

ಭಾರ. ಸಾಲಾಗಿ ನಿಲ್ಲಿಸಿದ ಪುಸ್ತಕ ಒಂದು ಅಡಿಗೆ ಸುಮಾರು 7ರಿಂದ 10 ಕಿಲೊ ತೂಗುತ್ತದೆ. ರೇಷ್ಮೆ ಸೀರೆ ಮಡಚಿಟ್ಟ ಹಲಗೆಯೂ ಹೆಚ್ಚು ಹಗುರವಲ್ಲ. ಅಕ್ಕಿ ಮೂಟೆ, ಮಿಕ್ಸಿ ಇಡುವುದಾದರೆ ಲೆಕ್ಕವೇ ಬೇರೆ.

ಸಾಗಣೆ. ಮುಂದಿನ ಐದು ವರ್ಷದಲ್ಲಿ ಎಷ್ಟು ಸಲ ಮನೆ ಬದಲಿಸುತ್ತೀರಿ? ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವರು ಇದನ್ನು ಮೊದಲೇ ಯೋಚಿಸಬೇಕು. ಬಿಚ್ಚಿ ಜೋಡಿಸಲು ಆಗುವ ವಸ್ತು ಬೇರೆ, ಬಿಚ್ಚಿದರೂ ಗಟ್ಟಿತನ ಕಳೆದುಕೊಳ್ಳದ ವಸ್ತು ಬೇರೆ.

ಇನ್ನೊಂದು, ಕೆಟ್ಟರೆ ಸರಿಮಾಡಲು ಆಗುತ್ತದೆಯೇ ಎಂಬುದು. ಪ್ಲೈವುಡ್ಡಿನಲ್ಲಿ ಸ್ಕ್ರೂ ಸಡಿಲವಾದರೆ ಬಡಗಿ ಪಕ್ಕದಲ್ಲಿ ಇನ್ನೊಂದು ತೂತು ಹಾಕಿ ಸರಿಮಾಡುತ್ತಾನೆ. ಉಬ್ಬಿದ ಪಾರ್ಟಿಕಲ್ ಬೋರ್ಡಿಗೆ ಯಾರ ಹತ್ತಿರವೂ ಔಷಧಿಯಿಲ್ಲ.

ಪಾರ್ಟಿಕಲ್ ಬೋರ್ಡ್: ಅಗ್ಗದ ಡಬ್ಬದೊಳಗೆ ಬಹುಪಾಲು ಇರುವುದು

ಜಾಲತಾಣದ ವಿವರದಲ್ಲಿ "ಎಂಜಿನಿಯರ್ಡ್ ವುಡ್" ಎಂದಷ್ಟೇ ಬರೆದಿದ್ದು ಬೆಲೆ ಕಡಿಮೆಯಿದ್ದರೆ ಪಾರ್ಟಿಕಲ್ ಬೋರ್ಡ್ ಎಂದೇ ಲೆಕ್ಕ ಹಿಡಿಯಿರಿ. ಮರದ ಚೂರುಗಳನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಹಲಗೆ ಮಾಡಿ, ಮೇಲೆ ಮರದ ಗೆರೆಯ ಕಾಗದ ಅಂಟಿಸಿರುತ್ತಾರೆ. ಗುರುತಿಸುವುದು ಸುಲಭ. ಬಾಗಿಲ ಹಿಂಜ್ ಕೂರುವ ಗುಂಡು ಗುಂಡಿಯ ಒಳಮೈ ನೋಡಿ: ಉರುಟು ಚೂರುಗಳು ಕಂಡರೆ ಪಾರ್ಟಿಕಲ್ ಬೋರ್ಡ್, ಒಂದೇ ಸಮನಾದ ಕಂದು ಪುಡಿಯಂತಿದ್ದರೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್, ಪದರ ಪದರವಾಗಿದ್ದರೆ ಪ್ಲೈವುಡ್.

ಒಣ ಕೋಣೆಯಲ್ಲಿ, ಒಂದೇ ಕಡೆ ನಿಂತು, ಬಟ್ಟೆಯ ಭಾರ ಮಾತ್ರ ಹೊರುವುದಾದರೆ ಇದು ಆರೇಳು ವರ್ಷ ನೆಮ್ಮದಿಯಾಗಿ ಬಾಳುತ್ತದೆ. ಎರಡು ಬಾಗಿಲಿನ ಕಪಾಟು ಸುಮಾರು 7,000ದಿಂದ 12,000 ರೂಪಾಯಿಗೆ ಸಿಗುತ್ತದೆ. ಅಷ್ಟು ದುಡ್ಡಿಗೆ ಹೊಸದಾಗಿ ಬೇರೆ ಯಾವುದೂ ಅಷ್ಟು ಜಾಗ ಕೊಡುವುದಿಲ್ಲ ಎಂಬುದೂ ನಿಜ.

ತೊಂದರೆ ಶುರುವಾಗುವುದು ಅಂಚಿನಿಂದ. ಹಲಗೆಯ ಎರಡು ಮೈಗೂ ಹೊದಿಕೆ ಇರುತ್ತದೆ, ಕಣ್ಣಿಗೆ ಕಾಣುವ ಅಂಚಿಗೆ ತೆಳು ಪಟ್ಟಿ ಇರುತ್ತದೆ. ನೆಲಕ್ಕೆ ತಾಗುವ ಕೆಳ ಅಂಚನ್ನು ಎಷ್ಟೋ ತಯಾರಕರು ಬೋಳಾಗಿ ಬಿಡುತ್ತಾರೆ. ನೆಲ ಒರೆಸಿದ ನೀರು ಅಲ್ಲಿಂದ ಏರಿ, ಒತ್ತಿದ ಚೂರುಗಳು ಹಾಲಿಗೆ ಬಿದ್ದ ರಸ್ಕಿನ ಹಾಗೆ ಹಿಗ್ಗುತ್ತವೆ. ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ, ಮುಟ್ಟಿದರೆ ಪುಡಿ ಉದುರುತ್ತದೆ. ಕೆಳಗಿನ ಹಿಂಜಿನ ಸ್ಕ್ರೂ ಹಿಡಿತ ಬಿಟ್ಟು ಬಾಗಿಲು ಜೋತು ಬೀಳುವುದು ಇದರ ನಂತರದ ಹಂತ.

ತಡೆಯುವ ಉಪಾಯ ಅಗ್ಗದ್ದೇ. ಜೋಡಿಸುವ ಮೊದಲು ಬೋಳು ಅಂಚುಗಳಿಗೆಲ್ಲ ಎರಡು ಕೋಟು ವಾರ್ನಿಷ್ ಬಳಿದು ಒಣಗಿಸಿ, ಇಲ್ಲವೇ ಪಿವಿಸಿ ಎಡ್ಜ್ ಬ್ಯಾಂಡ್ ಅಂಟಿಸಿ. ಬುಡಕ್ಕೆ 15ರಿಂದ 20 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಬುಷ್ ಕೊಡಿ. ನಾಲ್ಕು ಮೂಲೆಗೆ ನಾಲ್ಕು, ಅಗಲ ಮೂರು ಅಡಿ ದಾಟಿದರೆ ನಡುವೆ ಇನ್ನೆರಡು. ಗೋಡೆಯಿಂದ ಎರಡು ಬೆರಳು ಈಚೆ ನಿಲ್ಲಿಸಿ. ಕೆಲಸ ಅರ್ಧ ದಿನದ್ದು, ಕಪಾಟಿನ ಆಯಸ್ಸಿಗೆ ವರ್ಷಗಳು ಸೇರುತ್ತವೆ. ಕರಾವಳಿಯಲ್ಲಿ ಮಾತ್ರ ಇದೂ ಸಾಲದು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಹಿಂಬದಿಯ 3 ಮಿ.ಮೀ. ಹಲಗೆ ತೇವ ಕುಡಿದು ಉಬ್ಬಿ ಮೊಳೆಯಿಂದ ಕಿತ್ತು ಬರುತ್ತದೆ, ಒಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಕರಾವಳಿಗೆ, ಮಲೆನಾಡಿಗೆ ಪಾರ್ಟಿಕಲ್ ಬೋರ್ಡಿನ ಕಪಾಟು ಬೇಡವೇ ಬೇಡ.

ಹಲಗೆ ಬಾಗುವುದರ ಲೆಕ್ಕ ಗೊತ್ತಿದ್ದರೆ ಅರ್ಧ ದೂರು ಇಲ್ಲವಾಗುತ್ತದೆ. ಒಂದೇ ಸಮ ಭಾರ ಹರಡಿದ ಹಲಗೆಯ ಬಾಗು, ಉದ್ದದ ನಾಲ್ಕನೆಯ ಘಾತದಷ್ಟು ಬೆಳೆಯುತ್ತದೆ. 60 ಸೆಂ.ಮೀ. ಹಲಗೆಯನ್ನು 90 ಸೆಂ.ಮೀ. ಮಾಡಿದರೆ ಉದ್ದ ಒಂದೂವರೆ ಪಟ್ಟು, ಬಾಗು ಐದು ಪಟ್ಟು. ದಪ್ಪ 15 ಮಿ.ಮೀ.ನಿಂದ 18ಕ್ಕೆ ಏರಿದರೆ ಬಾಗು ಅರ್ಧಕ್ಕಿಂತ ತುಸು ಹೆಚ್ಚಿನ ಮಟ್ಟಕ್ಕೆ ಇಳಿಯುತ್ತದೆ. ಮೇಲಾಗಿ ಪಾರ್ಟಿಕಲ್ ಬೋರ್ಡ್ ಭಾರದಡಿ ತಿಂಗಳುಗಟ್ಟಲೆ ನಿಧಾನವಾಗಿ ಇನ್ನಷ್ಟು ಬಾಗುತ್ತಲೇ ಇರುತ್ತದೆ. ಹಾಗಾಗಿ ಪುಸ್ತಕಕ್ಕಾದರೆ ಆಸರೆಯಿಂದ ಆಸರೆಗೆ 60 ಸೆಂ.ಮೀ. ದಾಟಿಸಬೇಡಿ. ಐಕಿಯಾ ಕಂಪನಿಯ ಬಿಲ್ಲಿ ಎಂಬ ಪುಸ್ತಕದ ಕಪಾಟು 80 ಮತ್ತು 40 ಸೆಂ.ಮೀ. ಅಗಲದಲ್ಲಿ ಬರುತ್ತದೆ. ದಪ್ಪ ನಿಘಂಟು, ಕಾನೂನು ಪುಸ್ತಕ, ಹಳೆಯ ವಾರಪತ್ರಿಕೆಯ ಕಟ್ಟು ಇಡುವವರು 40ರ ಎರಡನ್ನು ಪಕ್ಕಪಕ್ಕ ಇಡುವುದೇ ಸರಿ. ನಾಗಸಂದ್ರದ ಅವರ ಮಳಿಗೆ 2022ರ ಜೂನ್‌ನಿಂದ ಇದೆ. ಬೆಂಗಳೂರಿನವರು ಏನೂ ಕೊಳ್ಳದಿದ್ದರೂ ಒಮ್ಮೆ ಹೋಗಿ ಜೋಡಿಸಿಟ್ಟ ಕಪಾಟಿನ ಬುಡ, ಹಿಂಬದಿ, ಹಿಂಜಿನ ಗುಂಡಿ ಮುಟ್ಟಿ ನೋಡಿ ಬಂದರೆ ಆನ್‌ಲೈನ್ ಚಿತ್ರ ನೋಡುವ ಕಣ್ಣೇ ಬದಲಾಗುತ್ತದೆ. ದಪ್ಪಗೆ ಕಂಡರೂ ಎತ್ತಿದರೆ ಹಗುರವಾಗಿರುವ ಹಲಗೆಯ ಒಳಗೆ ಜೇನುಗೂಡಿನಾಕಾರದ ಕಾಗದ ತುಂಬಿರುತ್ತದೆ, ಐಕಿಯಾದ ಲ್ಯಾಕ್ ಮೇಜು ಅಂಥದ್ದು. ಅದಕ್ಕೆ ಎಲ್ಲೆಂದರಲ್ಲಿ ಹೊಸ ಸ್ಕ್ರೂ ಹೊಡೆಯಲು ಬರುವುದಿಲ್ಲ.

ಇನ್ನು ಜೋಡಣೆಯ ವಿಷಯ. ಮೂಲೆಗಳನ್ನು ಹಿಡಿಯುವುದು 8 ಮಿ.ಮೀ. ದಪ್ಪದ ಮರದ ಗೂಟಗಳು, ಜೊತೆಗೆ ಕ್ಯಾಮ್ ಲಾಕ್, ಅಂದರೆ ನಮ್ಮ ಬಡಗಿಗಳು ಮಿನಿಫಿಕ್ಸ್ ಅನ್ನುವ ಗುಂಡು ಬೀಗ. ಒಂದು ಹಲಗೆಯಲ್ಲಿ ಬೋಲ್ಟು ನಿಲ್ಲಿಸಿ, ಇನ್ನೊಂದು ಹಲಗೆಯ 15 ಮಿ.ಮೀ. ಗುಂಡಿಯೊಳಗಿನ ಬೀಗ ತಿರುಗಿಸಿದರೆ ಅದು ಬೋಲ್ಟಿನ ತಲೆಯನ್ನು ಎಳೆದು ಹಿಡಿಯುತ್ತದೆ. ಬೋಲ್ಟಿನ ಎಳೆ ಕಚ್ಚಿಕೊಂಡಿರುವುದು ಒತ್ತಿದ ಚೂರನ್ನು. ಒಂದು ಸಲ ಬಿಚ್ಚಿ ಹಾಕಬಹುದು, ಎರಡನೆಯ ಸಲಕ್ಕೆ ಹಿಡಿತ ಸಡಿಲ, ಮೂರನೆಯ ಸಲಕ್ಕೆ ಬೋಲ್ಟು ಕೈಯಲ್ಲೇ ಬರುತ್ತದೆ. ಪದೇ ಪದೇ ಮನೆ ಬದಲಿಸುವವರಿಗೆ ಡಬ್ಬದ ಕಪಾಟು ಅನುಕೂಲ ಎಂಬ ನಂಬಿಕೆ ಇಲ್ಲಿಯೇ ಮುರಿಯುವುದು. ಬಿಚ್ಚದೆ ಇಡಿಯಾಗಿ ಸಾಗಿಸಿದರೂ ಕಷ್ಟ: ನಾಲ್ಕು ಅಡಿ ಅಗಲ, ಆರೂವರೆ ಅಡಿ ಎತ್ತರದ ಕಪಾಟು ನೂರು ಕಿಲೊ ಮುಟ್ಟುತ್ತದೆ. ಓರೆ ಮಾಡಿ ಎತ್ತಿದರೆ ಆ ಭಾರವೆಲ್ಲ ಮೂಲೆಯ ಬೀಗಗಳ ಮೇಲೆ ಬಿದ್ದು ಹಲಗೆ ಸೀಳುತ್ತದೆ.

ಪಾರ್ಟಿಕಲ್ ಬೋರ್ಡಿನ ಮಂಚವನ್ನಂತೂ ನಾವು ಯಾರಿಗೂ ಹೇಳುವುದಿಲ್ಲ. ಮನುಷ್ಯರು ಕೂತು, ಎದ್ದು, ಹೊರಳಾಡುವ ಅಲುಗಾಟವೆಲ್ಲ ಪಕ್ಕದ ಪಟ್ಟಿಯನ್ನು ತಲೆಹಲಗೆಗೆ ಹಿಡಿದ ನಾಲ್ಕಾರು ಸ್ಕ್ರೂಗಳ ಮೇಲೆ ಬೀಳುತ್ತದೆ. ಮೊದಲು ಕಿರುಗುಟ್ಟುವ ಸದ್ದು, ಆಮೇಲೆ ಹಲಗೆಯ ಚೂರಿನ ಸಮೇತ ಸ್ಕ್ರೂ ಹೊರಗೆ.

ಅದೇ ಡಬ್ಬ, ಮೇಲ್ದರ್ಜೆಯ ಹಲಗೆ

ಎಂಡಿಎಫ್ ನುಣುಪು, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಸಾಮಾನ್ಯ ಎಂಡಿಎಫ್ ಕೂಡ ನೀರಿಗೆ ಉಬ್ಬುತ್ತದೆ, ಅಂಚಿಗೆ ಸ್ಕ್ರೂ ಹೊಡೆದರೆ ಸೀಳುತ್ತದೆ. ಪಾರ್ಟಿಕಲ್ ಬೋರ್ಡಿಗಿಂತ ಭಾರವೂ ಹೆಚ್ಚು. ಬಾಗಿಲಿಗೆ ಸರಿ, ಬುಡಕ್ಕೆ ಅಲ್ಲ.

ಎಚ್‌ಡಿಎಚ್‌ಎಂಆರ್ ಎಂದು ಬರೆದಿರುವುದು ಹೆಚ್ಚು ಸಾಂದ್ರತೆಯ, ತೇವ ತಡೆಯುವ ಹಲಗೆ. ಬೆಂಗಳೂರಿನ ಮಾಡ್ಯುಲರ್ ಅಡುಗೆಮನೆಗಳಲ್ಲಿ ಈಗ ಇದರ ಬಳಕೆ ಬಹಳ. ಒದ್ದೆ ನೆಲ ತಡೆಯುತ್ತದೆ, ದಿನಗಟ್ಟಲೆ ನಿಂತ ನೀರನ್ನಲ್ಲ. ಸಿಂಕಿನ ಕೆಳಗೆ ಪಿವಿಸಿ ಅಥವಾ ಡಬ್ಲ್ಯುಪಿಸಿ (ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್) ಹಲಗೆ ಒಳ್ಳೆಯದು, ಅವು ನೀರಿಗೆ ಜಗ್ಗುವುದಿಲ್ಲ. ಅವುಗಳ ಕೊರತೆ ಬೇರೆ: ಸ್ಕ್ರೂ ಹಿಡಿತ ಕಡಿಮೆ, ಉದ್ದದ ಹಲಗೆ ಬೇಗ ಬಾಗುತ್ತದೆ.

ಪ್ಲೈವುಡ್ಡಿನಲ್ಲಿ ಮಾಡಿದ ಡಬ್ಬದ ಕಪಾಟುಗಳೂ ಸಿಗುತ್ತವೆ, ಬೆಲೆ ಎರಡು ಪಟ್ಟು ಅಥವಾ ಇನ್ನೂ ಮೇಲೆ. ಬಡಗಿಯ ಅಂದಾಜಿನ ಹತ್ತಿರಕ್ಕೆ ಬಂದರೆ ಬಡಗಿಯೇ ವಾಸಿ. ಯಾವ ಹಲಗೆಯಾದರೂ ಐಎಸ್ಐ ಗುರುತು ನೋಡಿ: ಮೇಲ್ಹೊದಿಕೆಯ ಪಾರ್ಟಿಕಲ್ ಬೋರ್ಡಿಗೆ ಐಎಸ್ 12823, ಸಾಮಾನ್ಯ ಪ್ಲೈವುಡ್ಡಿಗೆ ಐಎಸ್ 303, ಮೆರೈನ್ ಪ್ಲೈವುಡ್ಡಿಗೆ ಐಎಸ್ 710. ಮಕ್ಕಳ ಕೋಣೆಗಾದರೆ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಕಡಿಮೆ ಹೊಮ್ಮುವ ಇ1 ದರ್ಜೆಯನ್ನೂ ಕೇಳಿ. ಡಬ್ಬ ಬಿಚ್ಚಿದಾಗ ಕಣ್ಣುರಿಸುವ ವಾಸನೆ ಬಂದರೆ ಕೆಲವು ದಿನ ಬಾಗಿಲು, ಡ್ರಾಯರ್ ತೆಗೆದಿಟ್ಟು ಕಿಟಕಿ ತೆರೆದಿಡಿ.

ಗಟ್ಟಿಮರದ ಬಿಡಿ ಜೋಡಣೆ

ಶೀಶಮ್, ಮಾವು, ರಬ್ಬರ್ ಮರದ ಮಂಚ, ಮೇಜುಗಳು ಡಬ್ಬದಲ್ಲೇ ಬರುತ್ತವೆ. ಇಲ್ಲಿ ನೋಡಬೇಕಾದ್ದು ಬೋಲ್ಟು. 6 ಮಿ.ಮೀ. ಬೋಲ್ಟು ಹೋಗಿ ಮರದೊಳಗೆ ಅಡ್ಡಲಾಗಿ ಕೂರಿಸಿದ ಗುಂಡು ನಟ್ಟಿಗೆ ಕಚ್ಚುವ ಬಗೆಯಾದರೆ ಕಬ್ಬಿಣವನ್ನು ಕಬ್ಬಿಣವೇ ಹಿಡಿಯುತ್ತದೆ, ಮರದ ಎಳೆ ಸವೆಯುವುದಿಲ್ಲ. ಹತ್ತು ಸಲ ಬಿಚ್ಚಿ ಹಾಕಿದರೂ ಮೊದಲಿನಷ್ಟೇ ಬಿಗಿ. ಮನೆ ಬದಲಿಸುವವರಿಗೆ ಮಂಚವೊಂದಕ್ಕೆ ದುಡ್ಡು ಹಾಕುವುದಾದರೆ ಇದಕ್ಕೆ ಹಾಕಿ.

ಶೀಶಮ್ಮಿನ ಕಂದು ಬಣ್ಣದ ನಡುವೆ ಬಿಳಿ ಪಟ್ಟೆ ಕಂಡರೆ ಅದು ಹೊರಮರ, ಕುಟ್ಟೆ ಹುಳುವಿಗೆ ಇಷ್ಟವಾದ ಭಾಗ. ಬಣ್ಣ ಬಳಿದು ಮುಚ್ಚಿರುತ್ತಾರೆ, ಆದ್ದರಿಂದ ಅಡಿಭಾಗ ತಿರುಗಿಸಿ ನೋಡಿ. ಬಂದ ಕೆಲವು ವಾರದಲ್ಲಿ ಕಾಲಿನ ಬಳಿ ನುಣ್ಣನೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳು ಒಳಗಿದೆ ಎಂದೇ ಅರ್ಥ, ತಕ್ಷಣ ಫೋಟೊ ತೆಗೆದು ದೂರು ಕೊಡಿ. ರಬ್ಬರ್ ಮರವನ್ನು ಸರಿಯಾಗಿ ಸಂಸ್ಕರಿಸದಿದ್ದರೆ ಇದೇ ಕಥೆ. ಚೆನ್ನಾಗಿ ಒಣಗಿಸದ ಮರ ಒಣ ಹವೆಯ ಊರಿಗೆ ಬಂದು ಬಿರುಕು ಬಿಡುತ್ತದೆ. ಕೂದಲೆಳೆಯ ಬಿರುಕು ಸಹಜ, ಜೋಡಣೆಯ ಜಾಗದಲ್ಲಿ ಬಿರುಕಿದ್ದರೆ ಒಪ್ಪಬೇಡಿ.

ಮಲೆನಾಡು, ಕರಾವಳಿಯವರು ಊರಿನ ಬಡಗಿಯಿಂದ ಹಲಸು, ಅಕೇಶಿಯಾ ಮರದ ಮಂಚ ಮಾಡಿಸಿಕೊಳ್ಳುವುದು ಇವತ್ತಿಗೂ ಜಾಣತನ. ದೂರದ ಗೋದಾಮಿನಿಂದ ಬರುವ ಶೀಶಮ್ಮಿಗಿಂತ ಆ ಹವೆಗೆ ಅವು ಹೊಂದಿಕೊಂಡ ಮರಗಳು.

ಕಬ್ಬಿಣದ ಬೀರು, ಕಬ್ಬಿಣದ ಮಂಚ

ನೋಡಲು ಅಷ್ಟು ಚೆಂದವಿಲ್ಲ ಎಂಬ ಒಂದೇ ಕಾರಣಕ್ಕೆ ಇದನ್ನು ಬಿಡುತ್ತಾರೆ. ಗೆದ್ದಲಿಲ್ಲ, ಹಲಗೆ ಉಬ್ಬುವುದಿಲ್ಲ, ಸೀರೆಯ ಭಾರಕ್ಕೆ ಬಾಗುವುದಿಲ್ಲ, ಬೀಗ ಗಟ್ಟಿ. ಬೀರುವಿನ ತಗಡು 22 ಗೇಜಿನದ್ದಿರಲಿ, 24 ಗೇಜ್ ಅದಕ್ಕಿಂತ ತೆಳು. ಬಾಗಿಲ ನಡುವೆ ಹೆಬ್ಬೆರಳಿಂದ ಒತ್ತಿದರೆ ಡಬಡಬ ಅಂದು ಒಳಗೆ ಹೋಗಿ ಬಂದರೆ ತಗಡು ತೆಳುವಿದೆ. ಬೆಲೆ ಸುಮಾರು 10,000ದಿಂದ 18,000. ಕೊರತೆ ಎರಡು: ಬೆಸುಗೆ ಹಾಕಿದ ಬೀರುವನ್ನು ಬಿಚ್ಚಲಾಗದು, ಕಿರಿದಾದ ಮೆಟ್ಟಿಲಿರುವ ಮೂರನೆಯ ಮಹಡಿಗೆ ಏರಿಸಲು ನಾಲ್ಕು ಜನ ಬೇಕು. ಕರಾವಳಿಯಲ್ಲಿ ಬುಡದಿಂದ ತುಕ್ಕು ಏರುತ್ತದೆ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೀರು ಬಿದ್ದಲ್ಲಿ ಆಗಿಂದಾಗ್ಗೆ ಬಣ್ಣ ಮುಟ್ಟಿಸಬೇಕು.

ಕಬ್ಬಿಣದ ಮಂಚವನ್ನು ಬೋಲ್ಟಿನಲ್ಲಿ ಬಿಚ್ಚಬಹುದು, ಇಬ್ಬರು ಸೇರಿದರೆ ಅರ್ಧ ಗಂಟೆಯ ಕೆಲಸ. ಕಿರುಗುಟ್ಟಿದರೆ ಬೋಲ್ಟಿಗೆ ರಬ್ಬರ್ ವಾಷರ್ ಹಾಕಿ. ಪುಸ್ತಕ, ದಿನಸಿ, ಉಪಕರಣ ಇಡಲು ತೂತು ತೂತಿನ ಸ್ಲಾಟೆಡ್ ಆಂಗಲ್ ರ್ಯಾಕ್‌ಗಿಂತ ದುಡ್ಡಿಗೆ ತಕ್ಕ ವಸ್ತು ಇನ್ನೊಂದಿಲ್ಲ. ಹಲಗೆಯ ಎತ್ತರ ಬದಲಿಸಬಹುದು, ಬಿಚ್ಚಿ ಕಟ್ಟಿ ಆಟೊದಲ್ಲಿ ಒಯ್ಯಬಹುದು. ಮೂಲೆಗೆ ಕೊಡುವ ತ್ರಿಕೋನದ ತಗಡುಗಳನ್ನು ಅಂಗಡಿಯವರು ಕೆಲವೊಮ್ಮೆ ಮರೆಯುತ್ತಾರೆ, ಕೇಳಿ ಪಡೆಯಿರಿ. ಅವಿಲ್ಲದಿದ್ದರೆ ರ್ಯಾಕ್ ಪಕ್ಕಕ್ಕೆ ವಾಲಾಡುತ್ತದೆ.

ಬಡಗಿಯಿಂದ ಮಾಡಿಸುವುದಾದರೆ

ಲೆಕ್ಕ ಗೊತ್ತಿದ್ದರೆ ಮಾತ್ರ ಇದು ಲಾಭ. ನಾಲ್ಕು ಅಡಿ ಅಗಲ, ಆರೂವರೆ ಅಡಿ ಎತ್ತರ, ಎರಡು ಅಡಿ ಆಳದ ಕಪಾಟು ತೆಗೆದುಕೊಳ್ಳೋಣ. ಎರಡು ಪಕ್ಕ 26 ಚದರಡಿ, ನಡು ಗೋಡೆ 13, ಮೇಲು-ಕೆಳಗು ಮತ್ತು ನಾಲ್ಕು ಹಲಗೆ ಸೇರಿ 48, ಬಾಗಿಲು 26. ಒಟ್ಟು 113 ಚದರಡಿ. 8 ಅಡಿ ಉದ್ದ 4 ಅಡಿ ಅಗಲದ ಒಂದು ಶೀಟು 32 ಚದರಡಿ. ವ್ಯರ್ಥ ಸೇರಿ ನಾಲ್ಕು ಶೀಟು 18 ಮಿ.ಮೀ. ಪ್ಲೈವುಡ್, ಬೆನ್ನಿಗೆ ಒಂದು ಶೀಟು 6 ಮಿ.ಮೀ. ಬಡಗಿ ಆರು ಶೀಟು ಕೇಳಿದರೆ ಹೇಗೆ ಕತ್ತರಿಸುತ್ತೀರಿ ಎಂದು ಕಾಗದದ ಮೇಲೆ ಬರೆಸಿ ನೋಡಿ. ಬಿಡಬ್ಲ್ಯುಆರ್ (ಕುದಿನೀರನ್ನೂ ತಡೆಯುವ) ದರ್ಜೆಯ ಪ್ಲೈವುಡ್ ಚದರಡಿಗೆ 100 ರೂಪಾಯಿಯಂತೆ ಹಿಡಿದರೆ ಹಲಗೆಗೇ 12,800. ಸನ್‌ಮೈಕಾ, ಅಂಟು, ಹಿಂಜು, ಹಿಡಿ, ಚಾನೆಲ್, ಕೂಲಿ ಸೇರಿ 30,000 ದಾಟುವುದು ಸಾಮಾನ್ಯ.

ಮೋಸವಾಗುವ ಜಾಗಗಳು ಹೀಗೆ: ಹೊರಗೆ ಬಿಡಬ್ಲ್ಯುಆರ್ ಹಾಕಿ ಒಳ ಹಲಗೆಗೆ ತೇವ ಮಾತ್ರ ತಡೆಯುವ ಎಂಆರ್ ದರ್ಜೆ ಸೇರಿಸುವುದು. ಬಾಗಿಲ ಒಳಮೈಗೆ ಲ್ಯಾಮಿನೇಟ್ ಹಾಕದೆ ಬರೀ ಬಣ್ಣ ಹೊಡೆಯುವುದು, ಇದರಿಂದ ಒಂದು ಮೈ ಮಾತ್ರ ತೇವ ಹೀರಿ ಬಾಗಿಲು ಸೊಟ್ಟಗಾಗುತ್ತದೆ. 18 ಎಂದು ಹೇಳಿ 16 ಮಿ.ಮೀ. ತರುವುದು. ಶೀಟಿನ ಮೇಲಿನ ಮುದ್ರೆಯನ್ನು ಕತ್ತರಿಸುವ ಮೊದಲೇ ಫೋಟೊ ತೆಗೆದಿಡಿ, ಬಿಲ್ ನಿಮ್ಮ ಹೆಸರಿಗಿರಲಿ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಂಥ ಕಡೆ ನೀವೇ ಹೋಗಿ ಎರಡು ಮೂರು ಅಂಗಡಿಯಲ್ಲಿ ದರ ಕೇಳಿದರೆ ಬಡಗಿಯ ಅಂದಾಜು ಸರಿಯೋ ತಪ್ಪೋ ತಿಳಿಯುತ್ತದೆ. ಬಾಡಿಗೆ ಮನೆಗಾದರೆ ಗೋಡೆಗೆ ಹೊಡೆಸಬೇಡಿ. ಎರಡೆರಡು ಅಡಿ ಅಗಲದ ಬಿಡಿ ಪೆಟ್ಟಿಗೆಗಳಾಗಿ ಮಾಡಿಸಿ ಬೋಲ್ಟಿನಲ್ಲಿ ಸೇರಿಸಿದರೆ ಮುಂದಿನ ಮನೆಗೂ ಬರುತ್ತದೆ.

ಬಾಡಿಗೆಗೆ ತರುವುದು, ಹಳೆಯದನ್ನು ಕೊಳ್ಳುವುದು

ಕಪಾಟೊಂದಕ್ಕೆ ತಿಂಗಳಿಗೆ 700 ರೂಪಾಯಿಯ ಬಾಡಿಗೆ 18 ತಿಂಗಳಿಗೆ 12,600 ಆಗುತ್ತದೆ, ಹೊಸ ಡಬ್ಬದ ಕಪಾಟಿನ ಬೆಲೆಯೇ ಬಂತು. ಒಂದು ವರ್ಷದೊಳಗೆ ಊರು ಬಿಡುವವರಿಗೆ ಮಾತ್ರ ಬಾಡಿಗೆ ಹೊಂದುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ತೇಗ, ಪ್ಲೈವುಡ್, ಕಬ್ಬಿಣದ್ದನ್ನೂ ಕಣ್ಣುಮುಚ್ಚಿ ಕೊಳ್ಳುವಂತಿಲ್ಲ, ಮಂಚದ ಸಂದುಗಳಲ್ಲಿ ತಿಗಣೆಯ ಕಪ್ಪು ಚುಕ್ಕೆ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿಯೇ ಕೊಳ್ಳಬೇಕು. ಹಳೆಯ ಪಾರ್ಟಿಕಲ್ ಬೋರ್ಡ್ ಪುಕ್ಕಟೆ ಕೊಟ್ಟರೂ ಬೇಡ, ಬಿಚ್ಚಿ ತರುವಾಗಲೇ ಅದರ ಆಯಸ್ಸು ಮುಗಿದಿರುತ್ತದೆ.

ಹಾಗಾದರೆ ಯಾರಿಗೆ ಯಾವುದು

ಬೆಂಗಳೂರಿನಲ್ಲಿ ಒಂಟಿ ಕೋಣೆ, ಎರಡು ವರ್ಷದಲ್ಲಿ ಮನೆ ಬದಲಾವಣೆ ಖಚಿತ, ಕೈಯಲ್ಲಿ 20,000: ಕಬ್ಬಿಣದ ಮಂಚ, ಸ್ಲಾಟೆಡ್ ರ್ಯಾಕ್, ಕಬ್ಬಿಣದ ಕಾಲಿನ ಮೇಜು. ಕಪಾಟಿಗೆ ಸೆಕೆಂಡ್ ಹ್ಯಾಂಡ್ ಬೀರು ಹುಡುಕಿ. ಮನೆಯಿಂದಲೇ ಕೆಲಸ ಮಾಡುವವರ ಮೇಜಿಗೆ ಕಬ್ಬಿಣದ ಚೌಕಟ್ಟು, 25 ಮಿ.ಮೀ. ಹಲಗೆ ಇರಲಿ. ಬೆನ್ನುಹಲಗೆಯೇ ಇಲ್ಲದ ಪಾರ್ಟಿಕಲ್ ಬೋರ್ಡಿನ ಮೇಜು ಟೈಪ್ ಮಾಡಿದಾಗಲೆಲ್ಲ ಅಲುಗುತ್ತದೆ, ಅಂಥದ್ದು ಈಗಾಗಲೇ ಇದ್ದರೆ ಹಿಂದಿನ ಎರಡು ಮೂಲೆಗೆ ಎಲ್ ಆಕಾರದ ಕ್ಲಾಂಪು ಹಾಕಿ.

ದಂಪತಿ, ಮಗು, ನಾಲ್ಕೈದು ವರ್ಷ ಒಂದೇ ಮನೆಯಲ್ಲಿ ನಿಲ್ಲುವ ಅಂದಾಜು, ಒಣ ಊರು: ಗಟ್ಟಿಮರದ ಮಂಚಕ್ಕೆ ದುಡ್ಡು ಹಾಕಿ, ಬಟ್ಟೆಯ ಕಪಾಟಿಗೆ ಪಾರ್ಟಿಕಲ್ ಬೋರ್ಡಿನ ಡಬ್ಬ ಸಾಕು, ಬುಷ್ ಹಾಕುವುದು ಮರೆಯದಿದ್ದರೆ. ಸ್ವಂತ ಮನೆಯಾದರೆ ಬಡಗಿ. ಮಂಗಳೂರು, ಶಿವಮೊಗ್ಗದ ಕಡೆ ಸ್ವಂತದ್ದೋ ಬಾಡಿಗೆಯದೋ ಅನ್ನುವುದಕ್ಕಿಂತ ಮೊದಲು ಮೆರೈನ್ ಪ್ಲೈವುಡ್ ಅಥವಾ ಮರ.

ಡಬ್ಬವೇ ಎಂದು ತೀರ್ಮಾನಿಸಿದರೆ

ಆರ್ಡರ್ ಮಾಡುವ ಮುನ್ನ ಮಲಗುವ ಕೋಣೆಯ ಲಾಫ್ಟಿನ ಎತ್ತರ ಅಳೆಯಿರಿ. ನಮ್ಮ ಮನೆಗಳಲ್ಲಿ ಅದು ಏಳು ಅಡಿಯ ಆಸುಪಾಸಿನಲ್ಲಿರುತ್ತದೆ. ಮಲಗಿಸಿ ಜೋಡಿಸಿದ ಕಪಾಟನ್ನು ಎತ್ತಿ ನಿಲ್ಲಿಸುವಾಗ ಅದರ ಓರೆ ಅಳತೆ ಬೇಕಾಗುತ್ತದೆ: ಆರೂವರೆ ಅಡಿ ಎತ್ತರ, ಎರಡು ಅಡಿ ಆಳದ್ದಕ್ಕೆ ಓರೆ 6.8 ಅಡಿ. ಏಳಡಿ ಎತ್ತರದ ಕಪಾಟಿಗೆ 7.3 ಅಡಿ, ಲಾಫ್ಟಿನ ಕೆಳಗೆ ಅದು ಏಳುವುದೇ ಇಲ್ಲ. ಕೋಣೆಯ ನಡುವೆ ನಿಲ್ಲಿಸಿ ಮೆಲ್ಲನೆ ಒಳಗೆ ಸರಿಸುವಷ್ಟು ಜಾಗ ಇದೆಯೇ ನೋಡಿ.

ಡಬ್ಬ ಬಂದ ದಿನವೇ ಬಿಚ್ಚಿ. ಜೋಡಿಸುವ ಹುಡುಗ ನಾಲ್ಕು ದಿನ ಬಿಟ್ಟು ಬರುತ್ತಾನೆ, ವಾಪಸಿನ ಅವಧಿ ಡಬ್ಬ ಕೈಸೇರಿದ ದಿನದಿಂದಲೇ ಓಡುತ್ತಿರುತ್ತದೆ. ಸೀಲು ಕಾಣುವಂತೆ ವಿಡಿಯೊ ಮಾಡುತ್ತಾ ತೆಗೆಯಿರಿ, ಪ್ರತಿ ಹಲಗೆಯ ನಾಲ್ಕೂ ಮೂಲೆ ನೋಡಿ, ಪಟ್ಟಿಯ ಪ್ರಕಾರ ಗೂಟ, ಬೋಲ್ಟು, ಬೀಗ, ಹಿಂಜು ಎಣಿಸಿ. ಒಂದು ಕಡಿಮೆ ಇದ್ದರೂ ಜೋಡಿಸಲು ಶುರು ಮಾಡಬೇಡಿ.

ಜೋಡಿಸುವಾಗ ಡ್ರಿಲ್ ಯಂತ್ರದಿಂದ ಬೋಲ್ಟು ತಿರುಗಿಸಲು ಬಿಡಬೇಡಿ. ಬಂದವರು ಬೇಗ ಮುಗಿಸಲು ಅದನ್ನೇ ಹಿಡಿಯುತ್ತಾರೆ, ಒಂದು ಸುತ್ತು ಹೆಚ್ಚಾದರೂ ಪಾರ್ಟಿಕಲ್ ಬೋರ್ಡಿನೊಳಗಿನ ಎಳೆ ಹಾಳಾಗುತ್ತದೆ. ಕೈ ಸ್ಕ್ರೂಡ್ರೈವರ್ ಸಾಕು. ಬೀಗದ ಮೇಲಿನ ಬಾಣದ ಗುರುತು ಬೋಲ್ಟು ಬರುವ ತೂತಿನ ಕಡೆ ಮುಖ ಮಾಡಿರಬೇಕು. ಅರ್ಧ ಸುತ್ತಿನ ಆಸುಪಾಸಿನಲ್ಲಿ ಬಿಗಿಯಾಗಬೇಕು, ಪೂರ್ತಿ ಸುತ್ತಿದರೂ ಬಿಗಿಯಾಗದಿದ್ದರೆ ಬೋಲ್ಟಿನ ತಲೆ ಒಳಗೆ ಸಿಕ್ಕಿಲ್ಲ, ಬಿಚ್ಚಿ ನೋಡಿ. ಗೂಟ ಹೋಗದಿದ್ದರೆ ಸುತ್ತಿಗೆಯಲ್ಲಿ ಬಡಿಯುವ ಬದಲು ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ. ಇನ್ನೆಂದೂ ಬಿಚ್ಚುವುದಿಲ್ಲ ಎಂಬ ಖಾತ್ರಿಯಿದ್ದರೆ ಗೂಟಕ್ಕೆ ಫೆವಿಕಾಲ್ ಹಚ್ಚಿ, ಜೋಡಣೆ ಬಹಳ ಗಟ್ಟಿಯಾಗುತ್ತದೆ.

ಬೆನ್ನುಹಲಗೆಗೆ ಮೊಳೆ ಹೊಡೆಯುವ ಮುನ್ನ ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ತೆಗೆಯಿರಿ. ಎರಡೂ ಒಂದೇ ಇರಬೇಕು. ವ್ಯತ್ಯಾಸ ಇದ್ದರೆ ಉದ್ದವಿರುವ ಓರೆಯ ಎರಡು ತುದಿ ಹಿಡಿದು ಒಳಗೆ ತಳ್ಳಿ, ಸಮವಾದ ಮೇಲೆ ಒಂದೊಂದು ಮೂಲೆಗೆ ಮೊಳೆ ಹೊಡೆದು ಮತ್ತೆ ಅಳೆದು ಉಳಿದದ್ದು ಹೊಡೆಯಿರಿ. ಕಪಾಟನ್ನು ಚೌಕವಾಗಿ ನಿಲ್ಲಿಸುವುದು ಆ ತೆಳು ಹಲಗೆಯೇ. ಬಾಗಿಲು ಸೊಟ್ಟ ಎಂಬ ದೂರಿಗೆ ಬಹುಪಾಲು ಕಾರಣ ಇಲ್ಲಿದೆ, ಇಲ್ಲದಿದ್ದರೆ ನೆಲದ ಇಳಿಜಾರಿನಲ್ಲಿ. ಮೊದಲು ಬುಡಕ್ಕೆ ಪ್ಲಾಸ್ಟಿಕ್ ಚೂರು ಕೊಟ್ಟು ಮಟ್ಟ ಮಾಡಿ, ಆಮೇಲೆ ಹಿಂಜಿನ ಸ್ಕ್ರೂಗಳನ್ನು ಮುಟ್ಟಿ.

ಮಕ್ಕಳಿರುವ ಮನೆಯಲ್ಲಿ ಕಪಾಟು, ಡ್ರಾಯರ್ ಪೆಟ್ಟಿಗೆಯನ್ನು ಗೋಡೆಗೆ ಬಿಗಿಯಲೇಬೇಕು. ಮಗು ಡ್ರಾಯರ್ ಎಳೆದು ಹತ್ತಿದರೆ ಇಡೀ ಪೆಟ್ಟಿಗೆ ಮುಂದಕ್ಕೆ ಉರುಳುತ್ತದೆ. ಗೋಡೆಯ ಬುಡದ ಸ್ಕರ್ಟಿಂಗ್ ಟೈಲ್ ಕಪಾಟನ್ನು ಗೋಡೆಯಿಂದ ದೂರ ಇಡುವುದರಿಂದ ಮೇಲೆ ಸಂದು ಉಳಿಯುತ್ತದೆ, ಕ್ಲಾಂಪಿನ ಹಿಂದೆ ಅಷ್ಟೇ ದಪ್ಪದ ಮರದ ತುಂಡು ಕೊಟ್ಟು ಬಿಗಿಯಿರಿ. ಮನೆ ಮಾಲೀಕರ ಅನುಮತಿ ಕೇಳಬೇಕಾದೀತು, ಕೇಳಿ.

ಒಡೆದ ಹಲಗೆ ಬಂದು ಮಾರಾಟಗಾರರು ಕೈ ತೊಳೆದುಕೊಂಡರೆ ಸುಮ್ಮನಾಗಬೇಡಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ದೋಷವಿರುವ, ಇಲ್ಲವೇ ಜಾಹೀರಾತಿನಲ್ಲಿ ಹೇಳಿದ ಗುಣವಿಲ್ಲದ ಸರಕನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನಲು ಮಾರಾಟಗಾರರಿಗೆ ಹಕ್ಕಿಲ್ಲ. ಪ್ಲೈವುಡ್ ಎಂದು ಬರೆದು ಪಾರ್ಟಿಕಲ್ ಬೋರ್ಡ್ ಕಳಿಸಿದ್ದರೂ ಇದೇ ನಿಯಮ, ಹಾಗಾಗಿ ಆರ್ಡರ್ ಮಾಡಿದ ದಿನದ ವಿವರದ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಬಗೆಹರಿಯದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿಯ ಊರಿಗೆ ಹೋಗಬೇಕಿಲ್ಲ, ವಕೀಲರೂ ಕಡ್ಡಾಯವಲ್ಲ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಬಿಲ್, ಡಬ್ಬ ಬಿಚ್ಚಿದ ವಿಡಿಯೊ, ಸ್ಕ್ರೀನ್‌ಶಾಟ್, ಕಂಪನಿಯೊಂದಿಗಿನ ಇಮೇಲ್ ಇಷ್ಟನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ಲಗತ್ತಿಸಿ.